ಸೀರಿಯಲ್ ಕಿಲ್ಲರ್ ಕಾದಂಬರಿ ಅರ್ಧಕ್ಕೆ ನಿಂತಿದೆ, ಕೊನೆ ಪುಟ ನೋಡ್ಬಿಡ್ಲಾ?

ಹೊಸ ಓದುಗಿ: ಅಗಾಥಾ ಕ್ರಿಸ್ಟಿಯ ‘ದಿ ಎಬಿಸಿ ಮರ್ಡರ್ಸ್’ (1936) ಓದ್ತಿದೀನಿ. ಆಂಡೋವರ್, ಬೆಕ್ಸ್‌ಹಿಲ್, ಚರ್ಸ್ಟನ್, ಹೀಗೆ ಎ, ಬಿ, ಸಿ ಅಂತ ಊರಿನ ಅಕ್ಷರದ ಸಾಲಲ್ಲಿ ಮೂರು ಕೊಲೆ ಆಗೋಯ್ತು, ಪ್ರತಿ ಸಲ ಪತ್ತೇದಾರ ಪೊಯ್ರೊಗೆ ಕೊಲೆಗಾರನ ಪತ್ರ, ಹೆಣದ ಪಕ್ಕ ರೈಲ್ವೆ ಗೈಡು (ರೈಲಿನ ವೇಳಾಪಟ್ಟಿ ಪುಸ್ತಕ). ಪೊಯ್ರೊನ ಗೆಳೆಯ ಹೇಸ್ಟಿಂಗ್ಸ್ ಹೇಳ್ತಿರೋ ಕಥೆ ಮಧ್ಯಮಧ್ಯ ಬೇರೆ ಯಾರದ್ದೋ ಕಡೆ ಹೋಗುತ್ತೆ, ತಲೆ ಗಿರ್ ಅಂತಿದೆ. ಕೊನೆ ನೋಡ್ಕೊಂಡು ಓದಿದ್ರೆ ತಪ್ಪಾ? ಅನುಭವ ಇರೋರು ಹೇಳಿ.

ಶಿವಮೊಗ್ಗದವನು: ನೋಡ್ಲೇಬೇಡಿ. ನಾನು 1997ರಲ್ಲಿ ಬಾಡಿಗೆ ಲೈಬ್ರರಿಯಿಂದ ಇದೇ ಪುಸ್ತಕ ತಂದಿದ್ದೆ, ಡಿಪಾಸಿಟ್ 50 ರೂಪಾಯಿ, ದಿನಕ್ಕೆ 1 ರೂಪಾಯಿ, ಪರೀಕ್ಷೆ ಅಂತ ಒಂಬತ್ತು ದಿನ ಇಟ್ಕೊಂಡೆ. ಪೊಯ್ರೊ ಎಲ್ಲರನ್ನೂ ಕೂರಿಸಿ ಬಿಡಿಸಿ ಹೇಳೋಕೆ ಶುರು ಮಾಡ್ದ, ಪುಟ ತಿರುಗಿಸ್ತೀನಿ, ರಟ್ಟು! ಕೊನೆ 12 ಪುಟ ಯಾರೋ ಹರ್ಕೊಂಡಿದಾರೆ. ಕೇಳೋಕೆ ಹೋದ್ರೆ ಹರಿದಿದ್ದು ನೀನೇ ಅಂತ ಡಿಪಾಸಿಟ್ಟೂ ಹಿಡ್ಕೊಂಡ್ರು, ಆ 50 ರೂಪಾಯಿ ಅಪ್ಪ ಬಸ್ ಪಾಸಿಗೆ ಅಂತ ಕೊಟ್ಟಿದ್ದು. ಆರು ವರ್ಷ ಆದ್ಮೇಲೆ ಬೇರೆ ಪ್ರತಿ ಸಿಕ್ತು, ಅಷ್ಟರೊಳಗೆ ನಾನೇ ಬಿಡಿಸಿದ್ದೆ. ಮೂರನೇ ಪತ್ರ ಪೊಯ್ರೊ ಇರೋ ಕಟ್ಟಡ ವೈಟ್‌ಹೇವನ್ ಬದಲು ವೈಟ್‌ಹಾರ್ಸ್ ಅಂತ ವಿಳಾಸ ಬರೆದು ತಡವಾಗಿ ಬಂತಲ್ಲ, ಅದು ಕೈತಪ್ಪಲ್ಲ.

ಹಾಸನದ ಅಕ್ಕ: ಏನಪ್ಪಾ ನೀನು, ನೋಡ್ಬೇಡಿ ಅಂತ ಹೇಳಿ ಅರ್ಧ ಗುಟ್ಟು ನೀನೇ ಬಿಟ್ಟುಕೊಟ್ಯಲ್ಲ! ನಾನು ಕೊನೆ ಮೊದ್ಲು ಓದೋಳು, ನಾಚಿಕೆ ಇಲ್ಲ. ನಮ್ಮೆಜಮಾನ್ರಿಗೆ ನೈಟ್ ಶಿಫ್ಟು, ಮಗು ಜೊತೆ ಒಬ್ಳೇ ಇದ್ದಾಗ ಇಂಥದ್ದೇ ಇನ್ನೊಂದು ಪುಸ್ತಕ ಹಿಡಿದು ಮೂರು ರಾತ್ರಿ ನಿದ್ದೆ ಇಲ್ಲ, ಬಾಗಿಲು ನೋಡಿದ್ದೇ ನೋಡಿದ್ದು. ಕೊನೆಗೆ ಎರಡನೇ ಚಿಲಕ ಹಾಕಿಸ್ದೆ, ಚಿಲಕ 340, ಬಡಗಿ ಕೂಲಿ 600, ಅವನು ತೂತು ತಪ್ಪು ಜಾಗಕ್ಕೆ ಕೊರೆದು ಮತ್ತೆ 200. ಕೊಲೆಗಾರ ಯಾರು ಅಂತ ಗೊತ್ತಿದ್ರೆ ಸಮಾಧಾನವಾಗಿ ಓದ್ಬಹುದು, ಎಲ್ಲೆಲ್ಲಿ ಸುಳಿವು ಬಚ್ಚಿಟ್ಟಿದಾರೆ ಅಂತ ಆಗ್ಲೇ ಕಾಣೋದು.

ಶಿವಮೊಗ್ಗದವನು: ಅದು ಓದಲ್ಲ ಅಕ್ಕ, ಉತ್ತರ ನೋಡಿ ಲೆಕ್ಕ ಮಾಡಿದ ಹಾಗೆ.

ಹಾಸನದ ಅಕ್ಕ: ನನ್ನ ಮನೆ, ನನ್ನ ನಿದ್ದೆ. ನಿನಗೇನು?

ಧಾರವಾಡದಾಂವ: ಇಂಗ್ಲಿಷ್ ಊರಿನ ಹೆಸರು ನೆನಪಿಟ್ಕೊಂಡು ಯಾಕ್ ಒದ್ದಾಡ್ತೀರಿ? ಕನ್ನಡದಾಗ ಎನ್. ನರಸಿಂಹಯ್ಯನವರು 500ಕ್ಕಿಂತ ಜಾಸ್ತಿ ಪತ್ತೇದಾರಿ ಕಾದಂಬರಿ ಬರದಾರ, ಅವರ ಪತ್ತೇದಾರ ಪುರುಷೋತ್ತಮ ಅಂದ್ರ ನಮ್ಮಪ್ಪಗ ಊಟ ಬ್ಯಾಡಾಗಿತ್ತು. ಹಳೇ ಪುಸ್ತಕದಂಗಡ್ಯಾಗ 63 ಪುಸ್ತಕದ ಗಂಟು 2,700 ಕೊಟ್ಟು ತಂದೆ, ಮಳಿಗಾಲದಾಗ ಗೆದ್ದಲು ಹತ್ತಿ 19 ಹೋದ್ವು. ಉಳದ 44 ಬಿಸಲಿಗೆ ಹಾಕಿ, ಬೇವಿನ ಎಲಿ ಇಟ್ಟು ಕಾಯಾಕತ್ತೀನಿ.

ಶಿವಮೊಗ್ಗದವನು: ಅವ್ರು ಕೇಳಿದ್ದು ಅದಲ್ಲ ಸಾರ್. ಪುರುಷೋತ್ತಮನ ಸಾಹಸ ಬೇರೆ, ಅಕ್ಷರ ಹಿಡಿದು ಸಾಲಾಗಿ ಕೊಲ್ಲೋ ಕಥೆ ಬೇರೆ.

ಧಾರವಾಡದಾಂವ: ಎಷ್ಟು ಓದೀರಿ ನೀವು? ಒಂದರ ಹೆಸರು ಹೇಳ್ರಿ ಮೊದಲ.

ಹೊಸ ಓದುಗಿ: ಆ ವಿಳಾಸದ ವಿಷಯ ನನಗೆ ಇನ್ನೂ ಹೊಳೆದಿರ್ಲಿಲ್ಲ ಸಾರ್, ಈಗ ಬೇಜಾರಾಯ್ತು. ದಯವಿಟ್ಟು ಇನ್ನೇನೂ ಹೇಳ್ಬೇಡಿ, ಇವತ್ತು ರಾತ್ರಿ ಮುಂದಿನ ಊರು ಡಾಂಕಾಸ್ಟರ್ ಭಾಗ ಕೂತು ಮುಗಿಸ್ತೀನಿ.

ಧಾರವಾಡದಾಂವ: ಹೆಸರು ಇನ್ನೂ ಬಂದಿಲ್ಲ ನೋಡ್ರಿ.