ಎಫ್‌ಪಿಎಸ್ 60 ತೋರಿಸುತ್ತದೆ, ಆದರೂ ಬಸ್ ಜರ್ಕ್ ಹೊಡೆಯುತ್ತದೆ (ಯೂರೋ ಟ್ರಕ್ ಸಿಮ್ಯುಲೇಟರ್ 2)

ಘಾಟ್_ಸವಾರ:

ಎಲ್ಲರಿಗೂ ನಮಸ್ಕಾರ. ಒಂದು ತಿಂಗಳಿಂದ ಇದೇ ತಲೆನೋವು. ಯೂರೋ ಟ್ರಕ್ ಸಿಮ್ಯುಲೇಟರ್ 2ಕ್ಕೆ ಕೆಎಸ್‌ಆರ್‌ಟಿಸಿ ಬಸ್ ಮಾಡ್ (ಆಟಗಾರರೇ ಮಾಡಿ ಹಂಚುವ ಸೇರ್ಪಡೆ), ಜೊತೆಗೆ ನಮ್ಮ ಕಡೆಯ ರಸ್ತೆಗಳಿರುವ ಮ್ಯಾಪ್ ಮಾಡ್ ಹಾಕಿಕೊಂಡು ಆಡುತ್ತೇನೆ. ಕೆಂಪು ಬಸ್ಸು, ಘಾಟಿನ ತಿರುವು, ಏರ್ ಹಾರ್ನ್ ಎಲ್ಲಾ ಸೊಗಸಾಗಿದೆ. ಆದರೆ ಮೂರ್ನಾಲ್ಕು ಸೆಕೆಂಡಿಗೊಮ್ಮೆ ಚಿತ್ರ ಟಕ್ ಅಂತ ನಿಂತು, ಆಮೇಲೆ ಮುಂದಕ್ಕೆ ಹಾರುತ್ತದೆ. ತಿರುವಿನಲ್ಲಿ ಹೀಗಾದರೆ ಬಸ್ ನೇರ ತಡೆಗೋಡೆಗೆ ಹೋಗಿ ಗುದ್ದುತ್ತದೆ. ಮೂಲೆಯಲ್ಲಿ ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಚಿತ್ರ ಅನ್ನುವ ಅಂಕಿ) ನೋಡಿದರೆ 58, 60, 59. ಅರ್ಧ ಗಂಟೆ ಆಡಿದ ಮೇಲೆ ಕಾಟ ಇನ್ನೂ ಜಾಸ್ತಿ.

ಲ್ಯಾಪ್‌ಟಾಪ್: ಕೋರ್ ಐ5, 8 ಜಿಬಿ ರ್ಯಾಮ್, 4 ಜಿಬಿ ಗ್ರಾಫಿಕ್ಸ್ ಕಾರ್ಡ್, 144 ಹರ್ಟ್ಸ್ ಪರದೆ. ಗೇಮ್ ಇರುವುದು ಎಸ್‌ಎಸ್‌ಡಿಯಲ್ಲೇ.

ಮಾಡಿ ನೋಡಿದ್ದು: ಡ್ರೈವರ್ ಅಪ್‌ಡೇಟ್. ಗ್ರಾಫಿಕ್ಸ್ ಎಲ್ಲಾ ಲೋ. ನೆರಳು ಆಫ್. ಒಂದು ಗೇಮ್ ಬೂಸ್ಟರ್ ಆ್ಯಪ್. ಯಾವುದೋ ವಿಡಿಯೋ ನೋಡಿ ಪೇಜ್ ಫೈಲ್ (ರ್ಯಾಮ್ ಸಾಲದಾದಾಗ ವಿಂಡೋಸ್ ಬಳಸುವ ಡಿಸ್ಕಿನ ಜಾಗ) ಕೂಡ ಆಫ್ ಮಾಡಿದೆ. ಏನೂ ವ್ಯತ್ಯಾಸವಿಲ್ಲ. ಹೊಸ ಲ್ಯಾಪ್‌ಟಾಪೇ ತಗೋಬೇಕಾ? ಅಪ್ಪನ ಹತ್ತಿರ ಕೇಳುವ ಮುಂಚೆ ಒಮ್ಮೆ ನಿಮ್ಮನ್ನು ಕೇಳೋಣ ಅನ್ನಿಸಿತು.

ಫ್ರೇಮ್_ಲೆಕ್ಕ:

ಅಪ್ಪನ ಹತ್ತಿರ ಇನ್ನೂ ಕೇಳಬೇಡಿ. ನೀವು ಬರೆದದ್ದರಲ್ಲೇ ಒಂದು ದೊಡ್ಡ ಸುಳಿವಿದೆ. ಎಲ್ಲಾ ಲೋ ಮಾಡಿದರೂ ಏನೂ ಬದಲಾಗಲಿಲ್ಲ ಅಂದಿರಿ. ಗ್ರಾಫಿಕ್ಸ್ ಕಾರ್ಡ್‌ಗೆ ಭಾರ ಜಾಸ್ತಿಯಾಗಿ ಜರ್ಕ್ ಬರುತ್ತಿದ್ದರೆ, ಲೋ ಮಾಡಿದಾಗ ಸ್ವಲ್ಪವಾದರೂ ಕಡಿಮೆಯಾಗಬೇಕಿತ್ತು ಅಲ್ವಾ? ಹಾಗಾಗಿ ಕಾಯಿಲೆ ಬೇರೆ ಕಡೆ ಇದೆ.

ಮೊದಲು ಆ 60 ಎಂಬ ಅಂಕಿಯನ್ನು ನಂಬುವುದು ಬಿಡಿ. ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದೀರಿ, ಗಂಟೆಗೆ ಆರು ಬಸ್ ಅಂತ ಬೋರ್ಡಿನಲ್ಲಿ ಬರೆದಿದೆ ಅಂದುಕೊಳ್ಳಿ. ಹತ್ತು ನಿಮಿಷಕ್ಕೊಂದು ಬಂದರೂ ಆರು. ಐದು ಬಸ್ ಒಂದರ ಹಿಂದೊಂದು ಬಂದು, ಆರನೆಯದು ಮುಕ್ಕಾಲು ಗಂಟೆ ಬಿಟ್ಟು ಬಂದರೂ ಆರೇ. ಬೋರ್ಡು ಸುಳ್ಳು ಹೇಳುತ್ತಿಲ್ಲ, ಕಾದವರ ಪಾಡು ಮಾತ್ರ ಬೇರೆ. ಎಫ್‌ಪಿಎಸ್ ಕೂಡ ಹಾಗೇ. ಸೆಕೆಂಡಿಗೆ 60 ಚಿತ್ರ ಅಂದರೆ ಒಂದೊಂದಕ್ಕೆ 16.7 ಮಿಲಿಸೆಕೆಂಡ್ ಸಿಗಬೇಕು. 59 ಚಿತ್ರ 14 ಮಿಲಿಸೆಕೆಂಡಿನಂತೆ ಬೇಗ ಬಂದು, ಒಂದೇ ಒಂದು 174 ಮಿಲಿಸೆಕೆಂಡ್ ತಗೊಂಡರೂ ಒಟ್ಟು ಒಂದು ಸೆಕೆಂಡಿಗೆ 60 ಆಗುತ್ತದೆ. ಆ ಒಂದು ಚಿತ್ರವೇ ನಿಮ್ಮ ಬಸ್ಸನ್ನು ತಡೆಗೋಡೆಗೆ ಗುದ್ದಿಸುವುದು. 2011ರಲ್ಲಿ ಟೆಕ್ ರಿಪೋರ್ಟ್ ಎಂಬ ವೆಬ್‌ಸೈಟಿನ ಸ್ಕಾಟ್ ವಾಸನ್ ಗ್ರಾಫಿಕ್ಸ್ ಕಾರ್ಡುಗಳನ್ನು ಹೀಗೆ ಸೆಕೆಂಡಿನ ಒಳಗೆ ಇಣುಕಿ ಅಳೆದು ತೋರಿಸಿದರು. ಅಲ್ಲಿಂದ ಮುಂದೆ ರಿವ್ಯೂ ಬರೆಯುವವರು ಸರಾಸರಿಯ ಜೊತೆ ಫ್ರೇಮ್ ಟೈಮನ್ನೂ, ಅಂದರೆ ಒಂದೊಂದು ಚಿತ್ರಕ್ಕೆ ಹಿಡಿದ ಹೊತ್ತನ್ನೂ, ನೋಡುವುದು ರೂಢಿಯಾಯಿತು.

ಈಗ ಅಳೆಯೋಣ. ಎಂಎಸ್‌ಐ ಆಫ್ಟರ್‌ಬರ್ನರ್ ಎಂಬ ಅಳೆಯುವ ಸಾಧನ ಹಾಕಿ, ಅದರ ಜೊತೆ ರಿವಾಟ್ಯೂನರ್ ಬರುತ್ತದೆ. ಯಾವ ಕಂಪನಿಯ ಕಾರ್ಡ್ ಇದ್ದರೂ ನಡೆಯುತ್ತದೆ, ದುಡ್ಡು ಬೇಡ. ಸೆಟ್ಟಿಂಗ್ಸ್‌ನ ಮಾನಿಟರಿಂಗ್ ಪಟ್ಟಿಯಲ್ಲಿ ಫ್ರೇಮ್‌ಟೈಮ್ ಆರಿಸಿ, ಪರದೆ ಮೇಲೆ ತೋರಿಸು ಅಂತ ಟಿಕ್ ಹಾಕಿ. ಅದನ್ನು ಅಂಕಿಯಾಗಿ ಇಡಬೇಡಿ, ಗ್ರಾಫ್ ಆಗಿ ಇಡಿ. ಇದು ಮುಖ್ಯ, ಅಂಕಿ ಓದುವಷ್ಟರಲ್ಲಿ ಜರ್ಕ್ ಮುಗಿದುಹೋಗಿರುತ್ತದೆ. ಜೊತೆಗೆ ಸಿಪಿಯು (ಪ್ರೊಸೆಸರ್) ಶಾಖ, ಸಿಪಿಯು ಕ್ಲಾಕ್ (ಅದರ ವೇಗ), ಒಂದೊಂದು ಕೋರಿನ ಬಳಕೆ, ಜಿಪಿಯು ಬಳಕೆ, ಗ್ರಾಫಿಕ್ಸ್ ಮೆಮೊರಿ, ರ್ಯಾಮ್ ಇವಿಷ್ಟಕ್ಕೂ ಟಿಕ್ ಹಾಕಿ. ಕೋರ್ ಬೇರೆ ಬೇರೆಯಾಗಿ ಯಾಕೆ ಅಂದರೆ ಈ ಗೇಮ್ ಒಂದೇ ಕೋರಿನ ಮೇಲೆ ಹೆಚ್ಚು ಭಾರ ಹಾಕುತ್ತದೆ. ಒಟ್ಟು ಸಿಪಿಯು 30% ಅಂತ ತೋರಿಸುತ್ತಿದ್ದರೂ ಒಳಗೆ ಒಂದು ಕೋರ್ ಏದುಸಿರು ಬಿಡುತ್ತಿರಬಹುದು.

ಮುಕ್ಕಾಲು ಗಂಟೆ ಆಡಿ, ಗ್ರಾಫ್ ಹೇಗಿತ್ತು ಅಂತ ಬರೆಯಿರಿ. ಅದಕ್ಕೂ ಮುಂಚೆ ಎರಡು ಕೆಲಸ: ಬೂಸ್ಟರ್ ಆ್ಯಪ್ ತೆಗೆದುಹಾಕಿ, ಪೇಜ್ ಫೈಲನ್ನು ಮತ್ತೆ ವಿಂಡೋಸ್ ನೋಡಿಕೊಳ್ಳುವಂತೆ ಬಿಡಿ. 8 ಜಿಬಿ ರ್ಯಾಮಿನಲ್ಲಿ ಪೇಜ್ ಫೈಲ್ ಇಲ್ಲದೆ ಆಡುವುದು ಅಪಾಯ. ಬೇರೇನನ್ನೂ ಮುಟ್ಟಬೇಡಿ. ಐದು ಬದಲಾವಣೆ ಒಟ್ಟಿಗೆ ಮಾಡಿದರೆ ಯಾವುದರಿಂದ ಸರಿಹೋಯಿತು ಅಂತ ಯಾರಿಗೂ ಗೊತ್ತಾಗುವುದಿಲ್ಲ.

ಘಾಟ್_ಸವಾರ:

ಅಣ್ಣ, ಮಾಡಿದೆ. ನೀವು ಹೇಳಿದ್ದು ಕಣ್ಣಿಗೆ ಕಾಣಿಸಿತು. ಗೆರೆ 16–17ರಲ್ಲಿ ನೆಟ್ಟಗೆ ಹೋಗುತ್ತದೆ. ಮೂರ್ನಾಲ್ಕು ಸೆಕೆಂಡಿಗೊಮ್ಮೆ ಸೂಜಿ ನಿಲ್ಲಿಸಿದ ಹಾಗೆ 90, 110, ಒಮ್ಮೊಮ್ಮೆ 120ಕ್ಕೆ ಏರಿ ಇಳಿಯುತ್ತದೆ. ಸೂಜಿ ಎದ್ದಾಗಲೆಲ್ಲ ಜರ್ಕ್.

ಜಿಪಿಯು 45%. ಗ್ರಾಫಿಕ್ಸ್ ಮೆಮೊರಿ 2.6 ಜಿಬಿ. ರ್ಯಾಮ್ 7.4 ಜಿಬಿ. ಒಂದು ಕೋರ್ 90%ರ ಆಸುಪಾಸು. ಸಿಪಿಯು ಶುರುವಿನಲ್ಲಿ 3.9 ಗಿಗಾಹರ್ಟ್ಸ್, 78 ಡಿಗ್ರಿ ಇತ್ತು. ಇಪ್ಪತ್ತೈದು ನಿಮಿಷ ಆದ ಮೇಲೆ 96 ಡಿಗ್ರಿ, ಕ್ಲಾಕ್ 2.1ಕ್ಕೆ ಬಿತ್ತು. ಆಗ ಸೂಜಿ ಮಾತ್ರವಲ್ಲ, ಗೆರೆಯೇ ಮೇಲಕ್ಕೆ ಹೋಗಿ ಗರಗಸದ ಹಲ್ಲಿನ ಹಾಗಾಯಿತು.

ಫ್ರೇಮ್_ಲೆಕ್ಕ:

ಬಹಳ ಚೆನ್ನಾಗಿ ನೋಡಿದ್ದೀರಿ. ನಿಮ್ಮದು ಒಂದಲ್ಲ, ಎರಡು ಕಾಯಿಲೆ. ರ್ಯಾಮ್ ಸೇರಿಸಿದರೆ ಎರಡೂವರೆ.

ಜರ್ಕ್ ಬರುವ ಹೊತ್ತು ನೋಡಿದರೆ ಅರ್ಧ ಉತ್ತರ ಸಿಗುತ್ತದೆ. ಯಾವುದೋ ಹೊಸ ದೃಶ್ಯ, ಹೊಸ ಸ್ಫೋಟ ಮೊದಲ ಸಲ ಕಂಡಾಗ ಮಾತ್ರ ಬಂದು, ಎರಡನೇ ಸಲ ಬರದಿದ್ದರೆ ಅದು ಶೇಡರ್ (ದೃಶ್ಯದ ಬೆಳಕು, ಬಣ್ಣ ಬಿಡಿಸುವ ಸಣ್ಣ ಪ್ರೋಗ್ರಾಂ) ತಯಾರಾಗುವ ಜರ್ಕ್. ಡೈರೆಕ್ಟ್‌ಎಕ್ಸ್ 12 ಗೇಮ್‌ಗಳಲ್ಲಿ ಇದು ತುಂಬಾ ಸಾಮಾನ್ಯ. ಹೊಸ ಊರಿಗೆ ಕಾಲಿಡುವಾಗ ಬಂದರೆ ಡಿಸ್ಕ್ ಅಥವಾ ಗ್ರಾಫಿಕ್ಸ್ ಮೆಮೊರಿ ನೋಡಬೇಕು. ಶಬ್ದವೂ ಒಡೆದು ಬಂದರೆ ವೈಫೈ, ಆಡಿಯೋದಂಥ ಯಾವುದೋ ಡ್ರೈವರ್ ಮೇಲೆ ಅನುಮಾನ, ಅದಕ್ಕೆ ಲೇಟೆನ್ಸಿಮಾನ್ ಎಂಬ ಸಾಧನ ಇದೆ. ಆಡುತ್ತಾ ಆಡುತ್ತಾ ಕೆಡುತ್ತಾ ಹೋದರೆ ಶಾಖ. ನಿಮ್ಮ ಎರಡನೇ ಕಾಯಿಲೆ ಇದು. ಮೊದಲನೆಯದು ಗಡಿಯಾರದ ಹಾಗೆ ಬರುತ್ತಿದೆ. ಅಂದರೆ ಯಾವುದೋ ಒಂದು ಕೆಲಸ ಮತ್ತೆ ಮತ್ತೆ ನಡೆಯುತ್ತಿದೆ. ನನ್ನ ಅನುಮಾನ ಮಾಡ್ ಮೇಲೆ.

ಹೊಸ ಪ್ರೊಫೈಲ್ ಮಾಡಿ, ಒಂದೂ ಮಾಡ್ ಹಾಕದೆ ಹತ್ತು ನಿಮಿಷ ಓಡಿಸಿ. ಹಳೇ ಪ್ರೊಫೈಲ್ ಹಾಗೇ ಇರಲಿ, ನಿಮ್ಮ ಸೇವ್ ಎಲ್ಲೂ ಹೋಗುವುದಿಲ್ಲ. ಆಮೇಲೆ ಡಾಕ್ಯುಮೆಂಟ್ಸ್ ಫೋಲ್ಡರಿನಲ್ಲಿ ಗೇಮಿನ ಹೆಸರಿನ ಫೋಲ್ಡರ್ ಇದೆ, ಅದರಲ್ಲಿ ಗೇಮ್ ಲಾಗ್ ಎಂಬ ಟೆಕ್ಸ್ಟ್ ಫೈಲ್ ಇರುತ್ತದೆ. ಮಾಡ್ ಹಾಕಿ ಆಡಿದ ತಕ್ಷಣ ಅದನ್ನು ನೋಟ್‌ಪ್ಯಾಡಿನಲ್ಲಿ ತೆರೆದು ಕೊನೆಯ ಸಾಲುಗಳನ್ನು ನೋಡಿ.

ನೀಲಿ_ಪರದೆ:

ನಡುವೆ ಬಂದಿದ್ದಕ್ಕೆ ಕ್ಷಮಿಸಿ. ನನ್ನ ಲ್ಯಾಪ್‌ಟಾಪೂ ಜರ್ಕ್ ಹೊಡೆಯುತ್ತದೆ, ಆದರೆ ಮೊದಲ ನಿಮಿಷದಿಂದಲೇ. ಶಾಖ 55 ಡಿಗ್ರಿ ಅಷ್ಟೇ. ಕ್ಲಾಕ್ ಮಾತ್ರ 800 ಮೆಗಾಹರ್ಟ್ಸ್ ಬಿಟ್ಟು ಮೇಲೆ ಏಳುವುದೇ ಇಲ್ಲ. ಯಾವ ಗೇಮ್ ಆದರೂ ಅಷ್ಟೇ.

ಫ್ರೇಮ್_ಲೆಕ್ಕ:

ಚಾರ್ಜರ್ ಬದಲಾಯಿಸಿದ್ದೀರಾ? ಕೆಳಗಿನ ಸ್ಟಿಕ್ಕರಿನಲ್ಲಿ ಎಷ್ಟು ವ್ಯಾಟ್ ಅಂತ ಇದೆ?

ನೀಲಿ_ಪರದೆ:

ಹೌದು! ಜೊತೆಗೆ ಬಂದದ್ದು 180 ವ್ಯಾಟ್, ಕೆಟ್ಟುಹೋಯಿತು. ಅಂಗಡಿಯಲ್ಲಿ ಇದೂ ಆಗುತ್ತದೆ ಅಂತ 90 ವ್ಯಾಟಿನದು ಕೊಟ್ಟರು.

ಫ್ರೇಮ್_ಲೆಕ್ಕ:

ಸಿಕ್ಕಿತು. ಚಾರ್ಜರ್ ತನ್ನದಲ್ಲ ಅಥವಾ ಸಾಲುತ್ತಿಲ್ಲ ಅಂತ ಗೊತ್ತಾದರೆ ಎಷ್ಟೋ ಲ್ಯಾಪ್‌ಟಾಪ್‌ಗಳು ಪ್ರೊಸೆಸರಿನ ಕೈಕಾಲು ಕಟ್ಟಿಬಿಡುತ್ತವೆ. ಇಂಟೆಲ್ ಪ್ರೊಸೆಸರ್ ಆದರೆ ಥ್ರಾಟಲ್‌ಸ್ಟಾಪ್ ಎಂಬ ಸಾಧನದ ಲಿಮಿಟ್ಸ್ ಕಿಟಕಿ ತೆರೆಯಿರಿ, BD PROCHOT ಎಂಬ ತಡೆ ಕೆಂಪಾಗಿರುತ್ತದೆ. ಆ ತಡೆಯನ್ನು ಆಫ್ ಮಾಡಿ ಅಂತ ಹೇಳುವ ವಿಡಿಯೋಗಳಿವೆ, ದಯವಿಟ್ಟು ಹಾಗೆ ಮಾಡಬೇಡಿ. 90 ವ್ಯಾಟಿನ ಚಾರ್ಜರಿನಿಂದ 180 ವ್ಯಾಟ್ ಎಳೆಯಲು ಹೋದರೆ ಅದು ಬಿಸಿಯಾಗುತ್ತದೆ, ಸುಡಲೂಬಹುದು. ನಿಮ್ಮ ಮಾಡೆಲ್‌ಗೆ ಹೇಳಿದ ವ್ಯಾಟಿನದನ್ನೇ ತಗೊಳ್ಳಿ.

ಘಾಟ್_ಸವಾರ:

ಅಣ್ಣ, ಮಾಡ್ ಇಲ್ಲದೆ ಓಡಿಸಿದರೆ ಒಂದೂ ಸೂಜಿ ಇಲ್ಲ! ಬೆಣ್ಣೆ ಹಾಗೆ ಹೋಗುತ್ತದೆ. ಆಮೇಲೆ ಲಾಗ್ ತೆರೆದೆ. ನೋಟ್‌ಪ್ಯಾಡ್ ತೆರೆದುಕೊಳ್ಳುವುದಕ್ಕೇ ಹೊತ್ತು ಹಿಡಿಯಿತು, ಫೈಲ್ 40 ಎಂಬಿ ಇದೆ. ಕೆಳಗೆ ಹೋದರೆ ಒಂದೇ ಎರರ್ ಸಾಲು ನೂರಾರು ಸಲ. ಯಾವುದೋ ಟೆಕ್ಸ್ಚರ್ (ವಸ್ತುವಿನ ಮೇಲ್ಮೈಗೆ ಹೊದಿಸುವ ಚಿತ್ರ) ಸಿಗುತ್ತಿಲ್ಲ ಅಂತ. ಆದರೆ ಯಾವ ಮಾಡ್ ಅಂತ ಹೆಸರಿಲ್ಲ. ನನ್ನ ಹತ್ತಿರ 14 ಮಾಡ್ ಇವೆ. ಒಂದೊಂದೇ ತೆಗೆದು ನೋಡಬೇಕಾ?

ಫ್ರೇಮ್_ಲೆಕ್ಕ:

ಒಂದೊಂದೇ ಬೇಡ, 14 ಸಲ ಗೇಮ್ ತೆರೆದು ಮುಚ್ಚಬೇಕಾಗುತ್ತದೆ. ಅರ್ಧಕ್ಕೆ ಒಡೆಯಿರಿ. ಏಳು ಆಫ್ ಮಾಡಿ ನೋಡಿ. ಸೂಜಿ ಇನ್ನೂ ಇದ್ದರೆ ತಪ್ಪು ಉಳಿದ ಏಳರಲ್ಲಿದೆ, ಹೋದರೆ ಆಫ್ ಮಾಡಿದ ಏಳರಲ್ಲಿದೆ. ಆ ಏಳನ್ನು ಮತ್ತೆ ಅರ್ಧ ಮಾಡಿ. ನಾಲ್ಕು ಸುತ್ತಿನೊಳಗೆ ಕಳ್ಳ ಸಿಗುತ್ತಾನೆ. ಸೇವ್ ಹಾಳಾಗದಂತೆ ಪ್ರೊಫೈಲ್ ಫೋಲ್ಡರನ್ನು ಬೇರೆ ಕಡೆ ಕಾಪಿ ಮಾಡಿಟ್ಟುಕೊಂಡು ಶುರುಮಾಡಿ. ಮ್ಯಾಪ್ ಮಾಡ್‌ನ ಭಾಗಗಳು ಒಂದನ್ನೊಂದು ನಂಬಿಕೊಂಡಿರುತ್ತವೆ, ಅವನ್ನು ಒಂದೇ ಗುಂಪಿನಲ್ಲಿಡಿ.

ಗೇಮಿಗೆ ಹೊಸ ಆವೃತ್ತಿ ಬಂದಾಗ ಹಳೇ ಮಾಡ್‌ಗಳು ಹೀಗೆ ದಾರಿ ತಪ್ಪುತ್ತವೆ. ಮಾಡಿದವರ ತಪ್ಪು ಅಂತಲ್ಲ. ಎಷ್ಟೋ ಜನ ರಾತ್ರಿ ಕೂತು, ಸಂಬಳವಿಲ್ಲದೆ, ನಮ್ಮ ಬಸ್ಸಿನ ಸೀಟಿನ ಬಣ್ಣದವರೆಗೆ ನೋಡಿ ಮಾಡಿಕೊಡುತ್ತಾರೆ. ಕಳ್ಳ ಸಿಕ್ಕಿದಾಗ ಆ ಎರರ್ ಸಾಲನ್ನು ಅವರಿಗೆ ಕಳಿಸಿ, ಅವರಿಗೂ ಬೇಕಾದದ್ದು ಅದೇ.

ಘಾಟ್_ಸವಾರ:

ಮೂರನೇ ಸುತ್ತಿನಲ್ಲೇ ಸಿಕ್ಕಿತು! ಬಸ್ಸೂ ಅಲ್ಲ, ಮ್ಯಾಪೂ ಅಲ್ಲ. ಟ್ರಾಫಿಕ್ಕಿಗೆ ಆಟೋ, ಟೆಂಪೋ ಸೇರಿಸುವ ಒಂದು ಹಳೇ ಮಾಡ್. ಒಂದು ಗಾಡಿಯ ಟೆಕ್ಸ್ಚರ್ ಇಲ್ಲ, ಆ ಗಾಡಿ ಹುಟ್ಟಿದಾಗಲೆಲ್ಲ ಎರರ್. ತೆಗೆದ ಮೇಲೆ ಸೂಜಿ ಮಾಯ. ಎರರ್ ಸಾಲನ್ನು ಮಾಡಿದವರಿಗೆ ಕಳಿಸಿದ್ದೇನೆ.

ಲ್ಯಾಪ್‌ಟಾಪ್ ಕೂಡ ಬಿಚ್ಚಿಸಿದೆ. ಫ್ಯಾನಿನ ಮುಂದಿನ ತಗಡಿನ ಜಾಲಿಯಲ್ಲಿ ಧೂಳು ಕಂಬಳಿ ತುಂಡಿನ ಹಾಗೆ ಕೂತಿತ್ತು, ಬೆರಳಲ್ಲಿ ಹಿಡಿದು ಎಳೆದರೆ ಪೂರ್ತಿ ಎದ್ದು ಬಂತು. ಪ್ರೊಸೆಸರಿನ ಶಾಖ ಸಾಗಿಸುವ ಪೇಸ್ಟ್ ಹೊಸದಾಗಿ ಹಾಕಿಸಿ, ಹಿಂದಿನ ಭಾಗಕ್ಕೆ ಎರಡು ಮರದ ತುಂಡು ಕೊಟ್ಟು ಎತ್ತರಿಸಿದೆ. ಈಗ ಒಂದು ಗಂಟೆ ಆಡಿದರೂ 84 ಡಿಗ್ರಿ, ಕ್ಲಾಕ್ 3.6ರ ಕೆಳಗೆ ಇಳಿಯಲಿಲ್ಲ.

ಆದರೆ ಒಂದು ಉಳಿದಿದೆ. ಗ್ರಾಫ್ ನೆಟ್ಟಗೆ 16.7. ಆದರೂ ಪಕ್ಕದ ಮರಗಳು, ಕಿಲೋಮೀಟರ್ ಕಲ್ಲು ಹಿಂದೆ ಹೋಗುವಾಗ ಸಣ್ಣಗೆ ನಡುಗಿದ ಹಾಗೆ ಕಾಣಿಸುತ್ತದೆ. ನನ್ನ ಕಣ್ಣಿನ ಭ್ರಮೆಯಾ?

ಫ್ರೇಮ್_ಲೆಕ್ಕ:

ಭ್ರಮೆ ಅಲ್ಲವೇ ಅಲ್ಲ. ಇದನ್ನು ಗುರುತಿಸಿದ್ದಕ್ಕೆ ಖುಷಿಯಾಯಿತು, ಎಷ್ಟೋ ಜನ ಇದನ್ನು ಕಂಡರೂ ಹೆಸರಿಡಲಾಗದೆ ಡ್ರೈವರ್ ಬದಲಾಯಿಸುತ್ತಾ ಕೂರುತ್ತಾರೆ.

60ಕ್ಕೆ ಲಾಕ್ ಮಾಡಿದ್ದೀರಿ ತಾನೇ? ನಿಮ್ಮ ಪರದೆ ಸೆಕೆಂಡಿಗೆ 144 ಸಲ ಹೊಸದಾಗುತ್ತದೆ. 144ನ್ನು 60ರಿಂದ ಭಾಗಿಸಿ: 2.4. ಒಂದು ಚಿತ್ರವನ್ನು 2.4 ಸಲ ತೋರಿಸಲು ಪರದೆಗೆ ಆಗುವುದಿಲ್ಲ. ಹಾಗಾಗಿ ಕೆಲವು ಚಿತ್ರ ಎರಡು ಸಲ, ಕೆಲವು ಮೂರು ಸಲ ಕಾಣುತ್ತವೆ. ಅಂದರೆ ಒಂದು ಚಿತ್ರ 13.9 ಮಿಲಿಸೆಕೆಂಡ್ ನಿಲ್ಲುತ್ತದೆ, ಇನ್ನೊಂದು 20.8. ಗೇಮ್ ಸರಿಯಾದ ಹೊತ್ತಿಗೆ ಕೊಡುತ್ತಿದೆ, ಪರದೆ ಸಮನಾಗಿ ಹಂಚುತ್ತಿಲ್ಲ. ಗ್ರಾಫಿನಲ್ಲಿ ಇದು ಕಾಣಿಸುವುದಿಲ್ಲ. ಜಿ-ಸಿಂಕ್ ಅಥವಾ ಫ್ರೀಸಿಂಕ್ ಇರುವ ಪರದೆಯಾದರೆ ಚಿತ್ರ ಬಂದಾಗಲೇ ಪರದೆ ಬದಲಾಗುತ್ತದೆ, ಈ ಲೆಕ್ಕ ಬೇಕಾಗಿಲ್ಲ.

ನಿಮಗೆ ಎರಡು ದಾರಿ. ರಿವಾಟ್ಯೂನರಿನಲ್ಲಿ 72ಕ್ಕೆ ಲಾಕ್ ಮಾಡಿ, ವಿ-ಸಿಂಕ್ (ಚಿತ್ರವನ್ನು ಪರದೆಯ ತಾಳಕ್ಕೆ ಹೊಂದಿಸುವ ಸೆಟ್ಟಿಂಗ್) ಆನ್ ಇಡಿ, ಪ್ರತಿ ಚಿತ್ರ ಸರಿಯಾಗಿ ಎರಡು ಸಲ. ಊರೊಳಗೆ 72 ನಿಲ್ಲದಿದ್ದರೆ ವಿಂಡೋಸ್‌ನ ಅಡ್ವಾನ್ಸ್‌ಡ್ ಡಿಸ್‌ಪ್ಲೇಯಲ್ಲಿ ಪರದೆಯನ್ನೇ 60 ಹರ್ಟ್ಸ್‌ಗೆ ಇಳಿಸಿ, ಗೇಮಿನಲ್ಲಿ ವಿ-ಸಿಂಕ್ ಹಾಕಿ. ಕನ್ನಡಿಗಳ ದೂರವನ್ನೂ ಕಡಿಮೆ ಮಾಡಿ ನೋಡಿ. ಬಸ್ಸಿನ ಒಂದೊಂದು ಕನ್ನಡಿಗೂ ಗೇಮ್ ಹಿಂದಿನ ರಸ್ತೆಯನ್ನು ಇನ್ನೊಮ್ಮೆ ಬಿಡಿಸಬೇಕು, ಆ ಹೊರೆಯಲ್ಲಿ ದೊಡ್ಡ ಪಾಲು ಬೀಳುವುದು ನಿಮ್ಮ ದಣಿದ ಕೋರಿನ ಮೇಲೇ.

ಕೈಯಲ್ಲಿ ಕಾಸು ಆದಾಗ ರ್ಯಾಮ್. ಟಾಸ್ಕ್ ಮ್ಯಾನೇಜರಿನ ಮೆಮೊರಿ ಪುಟದಲ್ಲಿ ಎರಡರಲ್ಲಿ ಒಂದು ಸ್ಲಾಟ್ ಬಳಕೆಯಲ್ಲಿದೆ ಅಂತ ಇದ್ದರೆ, ಅದೇ ವೇಗದ ಇನ್ನೊಂದು 8 ಜಿಬಿ ಹಾಕಿಸಿ. ಜಾಗ ಹೆಚ್ಚುವುದು ಮಾತ್ರವಲ್ಲ, ಪ್ರೊಸೆಸರ್ ಮತ್ತು ರ್ಯಾಮ್ ನಡುವಿನ ದಾರಿ ಎರಡಾಗುತ್ತದೆ. ಡಿಡಿಆರ್4 3200 ಆದರೆ ಸೆಕೆಂಡಿಗೆ 25.6 ಜಿಬಿ ಇದ್ದದ್ದು 51.2 ಆಗುತ್ತದೆ, ಲೆಕ್ಕದ ಪ್ರಕಾರ. ಆ ಸಣ್ಣ ಪುಟ್ಟ ಎಡವಟ್ಟು ಕಡಿಮೆಯಾಗಲು ಇಷ್ಟು ಸಹಾಯ ಮಾಡುವ ಅಗ್ಗದ ವಸ್ತು ನಾನು ಬೇರೆ ಕಂಡಿಲ್ಲ.

ಘಾಟ್_ಸವಾರ:

72 ಊರೊಳಗೆ ನಿಲ್ಲಲಿಲ್ಲ, 63–65ಕ್ಕೆ ಬೀಳುತ್ತಿತ್ತು. ಪರದೆ 60ಕ್ಕೆ ಇಳಿಸಿ ವಿ-ಸಿಂಕ್ ಹಾಕಿದೆ. ನಿನ್ನೆ ರಾತ್ರಿ ಮಳೆಯಲ್ಲಿ ಪೂರ್ತಿ ಘಾಟ್ ಇಳಿಸಿದೆ, ಎರಡನೇ ಗೇರಿನಲ್ಲಿ. ಕಿಲೋಮೀಟರ್ ಕಲ್ಲಿನ ಮೇಲಿನ ಅಂಕಿ ಓದಲು ಆಗುತ್ತಿದೆ ಅಣ್ಣ, ಬಸ್ ಓಡುತ್ತಿರುವಾಗಲೇ! ರ್ಯಾಮ್ ಸ್ಲಾಟ್ ಒಂದು ಖಾಲಿ ಇದೆ. ಅಪ್ಪನ ಹತ್ತಿರ ಅದನ್ನಷ್ಟೇ ಕೇಳುತ್ತೇನೆ.