ಕುರಿ ಸಾಗಿಸುವಾಗ ಏನೇನು ನೋಡ್ಕೋಬೇಕು? ಅನುಭವ ಇದ್ದವರು ಹೇಳಿ

ಕೇಳಿದವರು: ಕುರಿ ಸಾಕಣೆಗೆ ನಾನು ಹೊಸಬ. ಮೊದಲ ಸಲ 20 ಟಗರು ಕಸಾಯಿಖಾನೆಗೆ ಕಳಿಸಿದೆ. ಏಳು ಗಂಟೆ ದಾರಿ. ಇಳಿಸುವಾಗ ಒಂದು ಸತ್ತಿತ್ತು, ಎರಡು ಏಳಲಾಗದೆ ಬಿದ್ದಿದ್ದವು. ಕಣ್ಣೆದುರು ಬೆಳೆದವು, ಕೊನೇ ದಿನ ಹಾಗೆ ನರಳಿದ್ದು ನೆನೆದರೆ ನಿದ್ದೆ ಬರಲ್ಲ. ಮುಂದಿನ ತಿಂಗಳು ಇನ್ನೊಂದು ಗುಂಪು ಹೋಗಬೇಕು. ಹತ್ತಿಸುವುದರಿಂದ ಕೊಯ್ಯುವವರೆಗೆ ಏನು ಮಾಡಬೇಕು?

ಹಳೇ ಕುರಿಗಾರ: ಹತ್ತಿಸುವಾಗಲೇ ಅರ್ಧ ಕೆಡೋದು. ಹಲಗೆ ಕಡಿದಾಗಿದ್ದರೆ ಮುಂದಿನದು ನಿಲ್ಲುತ್ತೆ, ಹಿಂದಿನಿಂದ ನಾವು ದೂಡ್ತೀವಿ, ಸಂದಿಗೆ ಕಾಲು ಸಿಕ್ಕಿ ಮುರಿಯುತ್ತೆ. ಇಳಿಜಾರು 20 ಡಿಗ್ರಿ ದಾಟದಿರಲಿ, ಜಾರದಂತೆ ಅಡ್ಡಪಟ್ಟಿ ಹೊಡೆಸಿ. ಉಣ್ಣೆ ಹಿಡಿದು ಎತ್ತಲೇಬೇಡಿ. ಚರ್ಮ ಸುಲಿದಾಗ ಹಿಡಿದ ಜಾಗವೆಲ್ಲ ರಕ್ತ ಹೆಪ್ಪುಗಟ್ಟಿರುತ್ತೆ, ಅಂದರೆ ಅಷ್ಟು ನೋವಾಗಿದೆ ಅಂತ. ಹೆಗಲಿನ ಹಿಂದೆ ನಿಂತರೆ ಅದು ಮುಂದಕ್ಕೆ ಹೋಗುತ್ತೆ, ಹೆಗಲಿಗಿಂತ ಮುಂದೆ ನಿಂತರೆ ಹಿಂದಕ್ಕೆ ಸರಿಯುತ್ತೆ. ಕೋಲು ಬೇಕಾಗೋದೇ ಇಲ್ಲ. ನಿಂತುಬಿಟ್ಟರೆ ಬೈಯೋ ಮೊದಲು ನೀವೇ ಬಗ್ಗಿ ಅದರ ಎತ್ತರದಿಂದ ನೋಡಿ: ನೆಲದ ಮೇಲೊಂದು ನೆರಳು, ನೇತಾಡೋ ಹಗ್ಗ, ಏನೋ ಇರುತ್ತೆ. ಅಮೆರಿಕದ ಪಶುವಿಜ್ಞಾನಿ ಟೆಂಪಲ್ ಗ್ರ್ಯಾಂಡಿನ್ ಕೂಡ ದನ ಹೋಗುವ ಓಣಿಗೆ ತಾವೇ ಇಳಿದು ನೋಡಿಯೇ ಇದನ್ನು ಕಂಡುಕೊಂಡದ್ದು.

ಲಾರಿ ಓಡಿಸುವವ: ಒತ್ತಿ ತುಂಬಿದರೆ ಬೀಳಲ್ಲ ಅಂತಾರೆ, ನಂಬಬೇಡಿ. ಒಂದು ಬಿದ್ದರೆ ಮೇಲಿನವು ತುಳಿದು ಸಾಯಿಸ್ತವೆ. ತೀರಾ ಖಾಲಿ ಇದ್ದರೆ ತಿರುವಿನಲ್ಲಿ ಜಾರಾಡ್ತವೆ. ಅಡ್ಡಗಟ್ಟೆ ಹಾಕಿ ಚಿಕ್ಕ ಗುಂಪು ಮಾಡಿ, ನೆಲಕ್ಕೆ ದಪ್ಪಗೆ ಹುಲ್ಲು ಹಾಕಿ. ಬೇರೆ ಬೇರೆ ಮಂದೆಯ ಟಗರು ಒಂದೇ ಕಡೆ ಬೇಡ, ಗುದ್ದಾಡ್ತವೆ. ಬಿಸಿಲಲ್ಲಿ ನಿಲ್ಲಿಸಿ ಚಹಾ ಕುಡಿಯೋಕೆ ಹೋದೆನೋ, ಗಾಳಿ ನಿಂತು ಒಳಗೆ ಒಲೆ ಆಗುತ್ತೆ. ನಾನು ಒಮ್ಮೆ ಆ ತಪ್ಪು ಮಾಡಿ ಕಲಿತೆ.

ಪಶುವೈದ್ಯೆ: ಹೊರಡುವ ಮುಂಚೆ ಒಂದೊಂದನ್ನೂ ನಡೆಸಿ ನೋಡಿ. ಕುಂಟುವುದು, ಜ್ವರ ಇರುವುದು ಹತ್ತಬಾರದು. ಹೆಣ್ಣಾದರೆ ಗಬ್ಬದ ಕೊನೆಯ ಶೇ 10ರ ಅವಧಿಯಲ್ಲಿ, ಅಂದರೆ ಈಯಲು ಸುಮಾರು 15 ದಿನ ಉಳಿದಿರುವಾಗ, ಸಾಗಿಸಲೇಬಾರದು. ಏಳಲಾಗದ್ದನ್ನು ಕಾಲು ಹಿಡಿದು ಎಳೆಯಬೇಡಿ, ಬಿದ್ದಲ್ಲೇ ಪ್ರಜ್ಞೆ ತಪ್ಪಿಸಿ ನೋವು ಮುಗಿಸುವುದು ಉತ್ತಮ.

ಕೊಯ್ಯುವ ಕೆಲಸದವನು: ನನ್ನ ಕಡೆಯದು ಹೇಳ್ತೀನಿ. ಹೆದರಿ, ದಣಿದು ಬಂದ ಪ್ರಾಣಿಯ ಸ್ನಾಯುವಿನಲ್ಲಿ ಶಕ್ತಿ ಖಾಲಿ ಆಗಿರುತ್ತೆ. ಮಾಂಸದ ಪಿಎಚ್ (ಹುಳಿಯ ಅಳತೆ, ಇಳಿದಷ್ಟೂ ಹುಳಿ ಹೆಚ್ಚು) ಸುಮಾರು 5.5ಕ್ಕೆ ಇಳಿಯಬೇಕಾದ್ದು ಇಳಿಯಲ್ಲ, ಮಾಂಸ ಕಪ್ಪಗೆ, ಗಟ್ಟಿಯಾಗಿ, ಬೇಗ ಕೆಡುತ್ತೆ. ಕರುಣೆಯ ಮಾತಿಗೆ ಕಿವಿಗೊಡದ ಮಾಲೀಕರಿಗೆ ನಾನು ಇದನ್ನೇ ತೋರಿಸೋದು.

ಕರೆಂಟಿನಿಂದ ಪ್ರಜ್ಞೆ ತಪ್ಪಿಸುವಾಗ ಇಕ್ಕಳದ ಎರಡು ತುದಿಯ ನಡುವೆ ಮಿದುಳು ಬರಬೇಕು. ತಲೆಗೆ ಮಾತ್ರ ಕೊಟ್ಟರೆ ಅದು ಮತ್ತೆ ಎಚ್ಚರ ಆಗುತ್ತೆ, ಹಾಗಾಗಿ 15 ಸೆಕೆಂಡಿನೊಳಗೆ ಕುತ್ತಿಗೆ ಕೊಯ್ದಾಗಿರಬೇಕು. ಮಧ್ಯೆ ಉಸಿರು ತಾಳಬದ್ಧವಾಗಿ ಶುರುವಾದರೆ ಮತ್ತೆ ಕೊಡಬೇಕು. ಪ್ರಜ್ಞೆ ತಪ್ಪಿಸದೆ ಕೊಯ್ಯುವ ಕಡೆ ಚೂಪಾದ ಕತ್ತಿಯಿಂದ ಎರಡೂ ಬದಿಯ ರಕ್ತನಾಳ ಒಟ್ಟಿಗೆ ಹೋಗಬೇಕು, ಆಮೇಲೆ ಪ್ರಾಣಿಯನ್ನು ಅಲುಗಾಡಿಸಬಾರದು. ಬ್ರಿಟನ್ನಿನಲ್ಲಿ ಕುರಿಗೆ ಕನಿಷ್ಠ 20 ಸೆಕೆಂಡು ಹಾಗೇ ಬಿಡಬೇಕು ಅಂತ ನಿಯಮವೇ ಇದೆ.

ಕೇಳಿದವರು: ಅಡ್ಡಗಟ್ಟೆ ಇರಲಿಲ್ಲ, ಎರಡು ಮಂದೆ ಸೇರಿಸಿದ್ದೆ. ಈಗ ಅರ್ಥ ಆಯ್ತು. ಹಿಂದಿನ ರಾತ್ರಿ ನೀರು ನಿಲ್ಲಿಸಬೇಕಾ?

ಪಶುವೈದ್ಯೆ: ಬೇಡ, ಹತ್ತುವವರೆಗೂ ನೀರು ಇರಲಿ, ಇಳಿದ ಕೂಡಲೇ ಮತ್ತೆ ಕೊಡಿ. ಮುಂಚೆ ಕಸಾಯಿಖಾನೆಗೆ ಫೋನ್ ಮಾಡಿ ಸರದಿ ಎಷ್ಟೊತ್ತಿಗೆ ಅಂತ ಕೇಳಿಕೊಳ್ಳಿ, ಬಾಗಿಲಲ್ಲಿ ಲಾರಿಯೊಳಗೆ ಕಾಯೋ ಹಾಗಾಗಬಾರದು.