ಕಲಬುರಗಿ ಏರ್‌ಪೋರ್ಟ್‌ಗೆ ಮಿಲಿಟರಿ ಜೆಟ್ ಬಂದು ನೆಲ ಮುಟ್ಟಿ ಹಾಗೇ ಹಾರಿಹೋಯ್ತು, ಯಾಕೆ?

ಸರಡಗಿ_ತೊಗರಿ:

ಎಲ್ಲರಿಗೂ ನಮಸ್ಕಾರ. ಶ್ರೀನಿವಾಸ ಸರಡಗಿ ಕಡೆ ನಮ್ಮದು ನಾಲ್ಕೆಕರೆ ಹೊಲ, ರನ್‌ವೇಯ ಮೂಡಣ ತುದಿಗೆ. 2019ರ ನವೆಂಬರ್‌ನಲ್ಲಿ ಏರ್‌ಪೋರ್ಟ್ ಶುರುವಾದಾಗಿನಿಂದ ವಿಮಾನ ನೋಡಿ ನೋಡಿ ಅಭ್ಯಾಸ ಆಗಿದೆ. ಪ್ಯಾಸೆಂಜರ್ ವಿಮಾನ ತಲೆ ಮೇಲೆ ಹೋದರೂ ನಮ್ಮ ಎಮ್ಮೆ ಮೆಲುಕು ನಿಲ್ಲಿಸುವುದಿಲ್ಲ.

ಮೊನ್ನೆ ಮಂಗಳವಾರ ಬಂದದ್ದು ಬೇರೆ ಥರ. ಬೆಳಿಗ್ಗೆ ತೊಗರಿಯಲ್ಲಿ ಹೂ ನೋಡುತ್ತಾ ನಿಂತಿದ್ದೆ. ಪಡುವಣ ಕಡೆಯಿಂದ ಬೂದು ಬಣ್ಣದ ಸಣ್ಣ ಜೆಟ್ ಒಂದು ಇಳಿಯುತ್ತಿತ್ತು, ಸದ್ದೇ ಇಲ್ಲ. ನೆಲ ಮುಟ್ಟಿತು, ಚಕ್ರದ ಹತ್ತಿರ ಒಂಚೂರು ಹೊಗೆ ಎದ್ದಿತು. ನಿಲ್ಲುತ್ತೆ ಅಂದುಕೊಂಡರೆ ನೇರ ನನ್ನ ಕಡೆಗೇ ಎದ್ದು ಬಂತು! ಹೊಟ್ಟೆ ಕಾಣುವಷ್ಟು ಕೆಳಗೆ. ಚಕ್ರಗಳು ಆಗಷ್ಟೇ ಒಳಗೆ ಮಡಚಿಕೊಳ್ಳುತ್ತಿದ್ದವು. ಅದು ದಾಟಿ ಹೋದ ಮೇಲೆ ಬಂತು ನೋಡಿ ಸದ್ದು, ಎದೆಯೊಳಗೆ ತಗಡು ಹರಿದ ಹಾಗೆ.

ಎಮ್ಮೆ ಗೂಟ ಕಿತ್ತುಕೊಂಡು ತೊಗರಿ ತುಳಿದುಕೊಂಡು ಓಡಿತು. ಅವ್ವ ಕೈಯಲ್ಲಿ ಜೋಳದ ಹಿಟ್ಟು ಹಾಗೇ ಇಟ್ಟುಕೊಂಡು ಹೊರಗೆ ಬಂದಳು. ಅವಳ ತವರು ಚಿಂಚೋಳಿ ಕಡೆ. 2021ರಲ್ಲಿ ಗಡಿಕೇಶ್ವರದಲ್ಲಿ ನೆಲದೊಳಗಿನಿಂದ ಸದ್ದು ಬಂದು ಭೂಮಿ ನಡುಗಿತ್ತಲ್ಲ, "ಅದೇ ಇಲ್ಲಿಗೂ ಬಂತೇನೋ" ಅಂತ ಅವಳ ಭಯ. ಹಂಚಿನ ಮೇಲಿದ್ದ ರೊಟ್ಟಿ ಕರಕಲು. ಸಂಜೆ ನಾಲ್ಕು ಲೀಟರ್ ಕೊಡುವ ಎಮ್ಮೆ ಒಂದೂವರೆ ಕೊಟ್ಟಿತು.

ಐದಾರು ನಿಮಿಷಕ್ಕೆ ಅದೇ ಜೆಟ್ ಮತ್ತೆ ಬಂತು, ಮತ್ತೆ ಮುಟ್ಟಿ ಹೋಯಿತು. ಒಟ್ಟು ನಾಲ್ಕು ಸಲ. ಒಂದು ಆಫೀಸಿಗೆ ಫೋನ್ ಮಾಡಿದರೆ "ಯಾವ ಜೆಟ್ಟು?" ಅಂತ ನನ್ನನ್ನೇ ಕೇಳಿ ಇಟ್ಟುಬಿಟ್ಟರು.

ಇಳಿಯೋಕೆ ಬರದೆ ವಾಪಸ್ ಎದ್ದಿದ್ದಾ? ಬೀದರಿನಲ್ಲಿ ಅಷ್ಟು ದೊಡ್ಡ ಏರ್‌ಫೋರ್ಸ್ ಜಾಗ ಇಟ್ಟುಕೊಂಡು ಇಲ್ಲಿಗೆ ಯಾಕೆ ಬರುತ್ತಾರೆ? ಮುಂಚೆನೇ ಗೊತ್ತು ಮಾಡಿಕೊಳ್ಳೋಕೆ ದಾರಿ ಇದೆಯಾ?

ಸೂಪರ್‌ಮಾರ್ಕೆಟ್_ಹುಡುಗ:

ನಾಲ್ಕು ಸಲ ಬಂದೂ ಒಬ್ಬರನ್ನೂ ಹತ್ತಿಸಿಕೊಳ್ಳದೆ ಹೋದರಾ? ನಮ್ಮ ಊರಿನ ಆಟೋದವರೇ ಇರಬೇಕು.

ಬೀದರ್_ಹಳೆ_ಟಯರ್:

ತಮ್ಮ, ಇಳಿಯೋಕೆ ಬರದೆ ಎದ್ದದ್ದಲ್ಲ. ಎದ್ದು ಹೋಗೋಕೆಂದೇ ಮುಟ್ಟಿದ್ದು. ನಾನು 20 ವರ್ಷ ಏರ್‌ಫೋರ್ಸಿನಲ್ಲಿ ಗ್ರೌಂಡ್ ಕೆಲಸ ಮಾಡಿದವನು, ಜಾಸ್ತಿ ಸಮಯ ಕಳೆದದ್ದು ಚಕ್ರಗಳ ಜೊತೆ. ನಾವು ಅದಕ್ಕೆ ರೋಲರ್ ಅನ್ನುತ್ತಿದ್ದೆವು. ಸಿವಿಲ್‌ನವರು ಟಚ್ ಅಂಡ್ ಗೋ ಅನ್ನುತ್ತಾರೆ.

ಪೈಲಟ್‌ಗೆ ಹಾರುವುದಕ್ಕಿಂತ ಇಳಿಯುವುದೇ ಕಷ್ಟದ ಪಾಠ. ಒಂದು ಸಲ ಪೂರ್ತಿ ಇಳಿದರೆ ಬ್ರೇಕ್ ಹಾಕಬೇಕು, ರನ್‌ವೇ ಬಿಟ್ಟು ತಿರುಗಿಕೊಂಡು ಬರಬೇಕು, ಮತ್ತೆ ಏರಬೇಕು. ಬ್ರೇಕ್ ಬಿಸಿ, ಟೈಮೂ ದಂಡ. ಮುಟ್ಟಿ ಎದ್ದರೆ ಅದೇ ಇಂಧನದಲ್ಲಿ ಎಷ್ಟೋ ಸಲ ಅಭ್ಯಾಸ ಆಗುತ್ತೆ. ನೀನು ನೋಡಿದ ಹೊಗೆ ರಬ್ಬರಿನದು. ಗಾಳಿಯಲ್ಲಿ ಇರುವಾಗ ಚಕ್ರ ತಿರುಗುತ್ತಿರುವುದಿಲ್ಲ. ನೆಲ ಮುಟ್ಟಿದ ಕ್ಷಣಕ್ಕೆ ಜೆಟ್ಟಿನ ವೇಗಕ್ಕೆ ತಿರುಗಬೇಕು, ಆ ಉಜ್ಜಾಟಕ್ಕೆ ರಬ್ಬರ್ ಸುಡುತ್ತೆ. ಆ ಟಯರಿನಲ್ಲಿ ನಾವು ತುಂಬುತ್ತಿದ್ದದ್ದು ನೈಟ್ರೋಜನ್, ಸೈಕಲ್‌ಗೆ ಹೊಡೆಯುವ ಗಾಳಿಯಲ್ಲ. ಇನ್ನು ಟಯರ್ ಸವೆತ ನಾವು ಲೆಕ್ಕ ಹಾಕುತ್ತಿದ್ದದ್ದು ಕಿಲೋಮೀಟರ್‌ನಲ್ಲಲ್ಲ, ಎಷ್ಟು ಸಲ ಇಳಿಯಿತು ಅನ್ನುವುದರಲ್ಲಿ.

ನೀನು ಹೇಳಿದ್ದು ನೋಡಿದರೆ ಹಾಕ್ ಇರಬೇಕು. 2008ರಲ್ಲಿ ಬೀದರಿಗೆ ಬಂತು. ಇಬ್ಬರು ಕೂರುವ ಟ್ರೇನಿಂಗ್ ಜೆಟ್, ಒಂದೇ ಎಂಜಿನ್. ಕೆಂಪು ಬಿಳಿ ಇದ್ದಿದ್ದರೆ ಸೂರ್ಯಕಿರಣ್ ಅನ್ನುತ್ತಿದ್ದೆ. ಆಕಾಶದಲ್ಲಿ ಕಸರತ್ತು ತೋರಿಸುವ ಆ ಏರ್‌ಫೋರ್ಸ್ ತಂಡ 1996ರಲ್ಲಿ ನಮ್ಮ ಬೀದರಿನಲ್ಲೇ ಹುಟ್ಟಿದ್ದು, ಈಗ ಅವರದೂ ಹಾಕ್.

ಬೀದರ್ ಬಿಟ್ಟು ಇಲ್ಲಿಗೆ ಯಾಕೆ ಅಂದ್ಯಲ್ಲ. ನಮ್ಮ ಮನೆಯ ಮೆಟ್ಟಿಲು ಕತ್ತಲಲ್ಲೂ ಹತ್ತುತ್ತೇವೆ, ಬೀಗರ ಮನೆಯಲ್ಲಿ ಎಡವುತ್ತೇವೆ, ಅಲ್ವಾ? ರನ್‌ವೇನೂ ಹಾಗೇ. ಅಭ್ಯಾಸದ್ದಕ್ಕಿಂತ ಅಗಲವಾಗಿದ್ದರೆ ನೆಲ ಹತ್ತಿರ ಬಂತು ಅಂತ ಕಣ್ಣಿಗೆ ಮೋಸ. ಕಿರಿದಾಗಿದ್ದರೆ ಇನ್ನೂ ಮೇಲಿದ್ದೇನೆ ಅಂತ ಮೋಸ. ಇದು ಕ್ಲಾಸಿನಲ್ಲಿ ಕಲಿಯೋದಲ್ಲ. ಜೊತೆಗೆ, ಹಾರುತ್ತಿರುವಾಗ ಬೀದರಿನಲ್ಲಿ ಮಂಜು ಮುಸುಕಿತು ಅಂದುಕೋ, ಇಲ್ಲಾ ಮುಂದಿನವನ ಟಯರ್ ಒಡೆದು ರನ್‌ವೇ ನಡುವೆ ಕೂತ. ಮೇಲಿದ್ದವರು ಎಲ್ಲಿಗೆ ಹೋಗಬೇಕು? ಜೆಟ್ಟಿನಲ್ಲಿ ಸುಮ್ನೆ ಕಾಯೋಕೆ ಇಂಧನ ಇರುವುದಿಲ್ಲ. ನಿಮ್ಮದು 3,175 ಮೀಟರ್ ರನ್‌ವೇ, ಬೀದರಿನಿಂದ ಹಾಕ್‌ಗೆ ಹತ್ತು ನಿಮಿಷದ ದಾರಿ. ಇಂಥ ಜಾಗ ಮೊದಲೇ ಮುಟ್ಟಿ ನೋಡಿದ್ದರೆ ಒಳ್ಳೆಯದು.

ಒಂದು ತಮಾಷೆ ನೋಡು. ಬೀದರಿನಲ್ಲಿ 2020ರಲ್ಲಿ ಪ್ಯಾಸೆಂಜರ್ ವಿಮಾನ ಶುರುವಾದದ್ದು ಏರ್‌ಫೋರ್ಸ್ ರನ್‌ವೇ ಮೇಲೆ. ಕೊಡು ತಗೊಳ್ಳುವ ವ್ಯವಹಾರ.

ಟೈಮಿಂಗ್ ಮುಂಚೆ ಯಾರೂ ಹೇಳುವುದಿಲ್ಲ, ಕೇಳಲೂಬೇಡ. ವಿಡಿಯೋ ತೆಗೆದು ದಿನ, ಹೊತ್ತು ಸಮೇತ ಎಲ್ಲೂ ಹಾಕಬೇಡ. ಆದರೆ ಸದ್ದು ಯಾವ ಕಡೆ ಬೀಳುತ್ತೆ ಅಂತ ನೀನೇ ಹೇಳಬಹುದು. ವಿಮಾನ ಗಾಳಿಗೆ ಎದುರಾಗಿ ಇಳಿಯುತ್ತೆ. ನಿಮ್ಮ ರನ್‌ವೇ ಮೂಡಣ ಪಡುವಣ. ಮೂಡಗಾಳಿ ಇದ್ದರೆ ಪಡುವಣದಿಂದ ಬಂದು ಮುಟ್ಟಿ, ಎಂಜಿನ್ ಪೂರ್ತಿ ಕೊಟ್ಟು ನಿನ್ನ ಹೊಲದ ಮೇಲೆ ಏಳುತ್ತೆ. ಮಳೆಗಾಲದ ಪಡುವಣ ಗಾಳಿಯಲ್ಲಿ ನಿನ್ನ ಮೇಲಿಂದಲೇ ಇಳಿಯುತ್ತೆ, ಆಗ ಅಷ್ಟು ಸದ್ದಿಲ್ಲ. ಮೂಡಗಾಳಿಯ ದಿನ ಎಮ್ಮೆಯನ್ನು ಊರ ಕಡೆ ಕಟ್ಟು. ಮೊದಲನೇ ಸುತ್ತು ಕೇಳಿದ ಮೇಲೆ ಐದು ನಿಮಿಷ ಇರುತ್ತೆ, ಹೋಗಿ ಅದರ ಪಕ್ಕ ನಿಂತುಕೋ. ಮನುಷ್ಯ ಪಕ್ಕದಲ್ಲಿ ಇದ್ದರೆ ಸಾಕು.

ಸರಡಗಿ_ತೊಗರಿ:

ಕಾಕಾ, ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ಅವ್ವನಿಗೆ ಓದಿ ಹೇಳಿದೆ. "ಬೀಗರ ಮನೆಗೆ ಬಂದವರು ಎಮ್ಮೆ ಓಡಿಸುತ್ತಾರಾ" ಅಂದಳು. ಇನ್ನೊಂದು ಕೇಳಲಾ? ಪಕ್ಕದ ಹೊಲದವರ ಮನೆ ಗೋಡೆ ಬಿರುಕು ಬಿಟ್ಟಿದೆ. ಜೆಟ್ ಸದ್ದಿನಿಂದಲೇ ಅಂತಾರೆ. ಬೆಂಗಳೂರಿನಲ್ಲೂ ಒಮ್ಮೆ ಢಂ ಅಂದಿತ್ತಲ್ಲ?

ಬೀದರ್_ಹಳೆ_ಟಯರ್:

ಅದು 2020ರ ಮೇ 20. ಅಲ್ಲಿ ಪರೀಕ್ಷೆಗೆ ಹಾರಿದ್ದ ವಿಮಾನ ಶಬ್ದಕ್ಕಿಂತ ಜಾಸ್ತಿ ವೇಗದಿಂದ ನಿಧಾನಕ್ಕೆ ಬರುವಾಗ, ತುಂಬಾ ಎತ್ತರದಲ್ಲಿ ಆದ ಸದ್ದು. ಹಾಕ್ ನೇರ ಹಾರುವಾಗ ಆ ವೇಗ ಮುಟ್ಟುವುದೇ ಇಲ್ಲ, ಇಳಿಯುವಾಗಂತೂ ಇನ್ನೂ ನಿಧಾನ. ನೀನು ಕೇಳಿದ್ದು ಬರೀ ಎಂಜಿನ್. ಆ ಗೋಡೆ ಕರಿ ಮಣ್ಣಿನ ಮೇಲೆ ಕಟ್ಟಿದ್ದಾ? ನಮ್ಮ ಕಡೆ ಎರೆ ಭೂಮಿ ಬೇಸಿಗೆಗೆ ಬಾಯಿ ಬಿಡುತ್ತೆ, ಮಳೆಗೆ ಉಬ್ಬುತ್ತೆ. ಮೊದಲು ಪಾಯ ನೋಡಿಸಲು ಹೇಳು.

ಯಾದಗಿರಿ_ಸ್ಪ್ರೇ:

ನಾನು ಡ್ರೋನ್‌ನಲ್ಲಿ ಔಷಧಿ ಹೊಡೆಯುವವನು. ತೊಗರಿ ಹೂವಿನಲ್ಲಿದೆ ಅಂದಿರಿ, ಅದಕ್ಕೇ ಹೇಳ್ತಿದ್ದೇನೆ. ಏರ್‌ಪೋರ್ಟ್ ಕಾಂಪೌಂಡ್ ಪಕ್ಕದ ಹೊಲಕ್ಕೆ "ಏನಾಗಲ್ಲ ಬಿಡಿ" ಅಂತ ಯಾವನಾದರೂ ಡ್ರೋನ್ ತಂದರೆ ವಾಪಸ್ ಕಳಿಸಿ. ಸರ್ಕಾರದ ಡ್ರೋನ್ ಮ್ಯಾಪ್ ಡಿಜಿಟಲ್ ಸ್ಕೈನಲ್ಲಿ ಕೆಂಪು ಅಂತ ಇದ್ದರೆ ಅನುಮತಿ ಇಲ್ಲದೆ ಎತ್ತುವ ಹಾಗಿಲ್ಲ. ಅಲ್ಲಿ ಬೆನ್ನಿಗೆ ಹಾಕುವ ಪಂಪೇ ಗತಿ. ಸತ್ತ ದನವನ್ನೂ ಬದುವಿನಲ್ಲಿ ಎಸೆಯಬೇಡಿ, ಹದ್ದು ಬರುತ್ತವೆ. ಒಂದೇ ಎಂಜಿನ್ ಅಂತ ಕಾಕಾ ಹೇಳಿದರಲ್ಲ, ಅದರೊಳಗೆ ಹದ್ದು ಹೋದರೆ ಕಥೆ ಮುಗೀತು.

ಪಿಡಿಎ_ಮೆಕ್ಯಾನಿಕಲ್:

ಮೇಲಿದ್ದವರು ಎಲ್ಲಿಗೆ ಹೋಗಬೇಕು ಅಂತ ಕಾಕಾ ಕೇಳಿದರಲ್ಲ, ಅದಕ್ಕೆ ಒಳ್ಳೆ ಉದಾಹರಣೆ ತಿರುವನಂತಪುರ. 2025ರ ಜೂನ್ 14ಕ್ಕೆ ಬ್ರಿಟಿಷರ ಎಫ್-35 ಜೆಟ್ ಇಂಧನ ಕಡಿಮೆಯಾಗಿ ಅಲ್ಲಿನ ಸಿವಿಲ್ ಏರ್‌ಪೋರ್ಟಿನಲ್ಲಿ ಇಳಿಯಿತು. ಆಮೇಲೆ ಹೈಡ್ರಾಲಿಕ್ ಕೈಕೊಟ್ಟು ಜುಲೈ 22ರವರೆಗೆ ಅಲ್ಲೇ ಇತ್ತು. ನಮ್ಮವರು ಹೈವೇ ಮೇಲೂ ಅಭ್ಯಾಸ ಮಾಡುತ್ತಾರೆ. 2015ರಲ್ಲಿ ಯಮುನಾ ಎಕ್ಸ್‌ಪ್ರೆಸ್‌ವೇ ಮೇಲೆ ಮಿರಾಜ್ ಯುದ್ಧವಿಮಾನ ಇಳಿದಿತ್ತು. ಸೇಡಂ ರೋಡಿಗೆ ಬರಲ್ಲ ಬಿಡಿ, ಅಲ್ಲಿ ನಮ್ಮ ಬೈಕೇ ಇಳಿಯಲ್ಲ.

ಸರಡಗಿ_ತೊಗರಿ:

ಇವತ್ತು ಮತ್ತೆ ಬಂದಿತ್ತು. ದಿನ, ಹೊತ್ತು ಬರೆಯಲ್ಲ ಕಾಕಾ, ಗಾಬರಿ ಬೇಡ. ಮೊದಲ ಸುತ್ತಿನ ಸದ್ದು ಕೇಳಿ ಎಮ್ಮೆ ಹತ್ತಿರ ಓಡಿದೆ. ಅಷ್ಟರಲ್ಲಿ ಅವ್ವ ಅಲ್ಲೇ ಇದ್ದಳು, ಒಂದು ಕೈ ಅದರ ಕೊರಳ ಮೇಲೆ, ಇನ್ನೊಂದು ಕೈಯಲ್ಲಿ ತನ್ನ ಸೆರಗು ಕಿವಿಗೆ ಒತ್ತಿಕೊಂಡು. ಜೆಟ್ ದಾಟಿತು. ಎಮ್ಮೆ ಕಿವಿ ಹಿಂದಕ್ಕೆ ಮಾಡಿ ಒಂದು ಹೆಜ್ಜೆ ಸರಿಯಿತು, ಅಷ್ಟೇ. "ಇನ್ನೆಷ್ಟು ಸಲ ಮುಟ್ಟುತ್ತಾನೆ ಕೇಳು ನಿನ್ನ ಬೀದರ್ ಕಾಕಾನಿಗೆ, ರೊಟ್ಟಿ ಹಾಕಬೇಕು ನಾನು" ಅಂದಳು.